ಬಣ್ಣ ಹಚ್ಚಿದರೆ ಸ್ಲ್ಯಾಬು ಗಟ್ಟಿಯಾಗುತ್ತಾ ಸ್ವಾಮಿ?

ಇವತ್ತು ನಾನು ರಾಜಕೀಯ ಮಾತಾಡಲ್ಲ. ಯಾರು ಯಾವ ರೆಸಾರ್ಟಿಗೆ ಹೋದರು, ಯಾರು ದಿಲ್ಲಿಯಿಂದ ಬರಿಗೈಯಲ್ಲಿ ಬಂದರು, ಇವತ್ತೊಂದು ದಿನ ಅದು ಬೇಡ. ಇವತ್ತು ನಿಮಗೊಂದು ಕೆಲಸ ಕೊಡ್ತೀನಿ. ಎಲ್ಲಿ ಕೂತು ಈ ಕಾರ್ಯಕ್ರಮ ನೋಡ್ತಾ ಇದ್ದೀರೋ ಅಲ್ಲೇ ಕೂತು ಒಂದು ಸಲ ತಲೆ ಎತ್ತಿ ಮೇಲೆ ನೋಡಿ. ಫ್ಯಾನ್ ನೋಡಬೇಡಿ, ಫ್ಯಾನಿನ ಸುತ್ತ ಇರುವ ಸ್ಲ್ಯಾಬು ನೋಡಿ. ಎಲ್ಲಾದರೂ ನೇರವಾದ ಒಂದು ಬಿರುಕು ಕಾಣುತ್ತಾ? ಬಿರುಕಿನ ಗುಂಟ ಕಂದು ಬಣ್ಣದ ಕಲೆ ಇಳಿದಿದೆಯಾ? ಯಾವುದಾದರೂ ಜಾಗದಲ್ಲಿ ಪ್ಲಾಸ್ಟರ್ ಸ್ವಲ್ಪ ಹೊಟ್ಟೆ ಬಿಟ್ಟಂತೆ ಕೆಳಕ್ಕೆ ಉಬ್ಬಿದೆಯಾ?

ಇಲ್ಲ ಅಂದರೆ ಸಂತೋಷ. ಇದೆ ಅಂದರೆ ಮಂಚವನ್ನ ಆ ಜಾಗದಿಂದ ಪಕ್ಕಕ್ಕೆ ಎಳೆದು ಆಮೇಲೆ ನನ್ನ ಮಾತು ಕೇಳಿ. ತಮಾಷೆಗೆ ಹೇಳ್ತಾ ಇಲ್ಲ.

ಯಾಕೆ ಹೇಳ್ತಾ ಇದ್ದೀನಿ ಅಂದರೆ, ನಮ್ಮ ಮನೆಯ ಮಂಚವನ್ನ ನಾನು ಎಳೆಯಲಿಲ್ಲ.

ನಮ್ಮದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಊರಲ್ಲಿ ಮಣ್ಣಿನ ಮಾಳಿಗೆ ಬಿಟ್ಟು ಆರ್‌ಸಿಸಿ ಮನೆ ಕಟ್ಟಿದ ಮೊದಲ ನಾಲ್ಕೈದು ಜನರಲ್ಲಿ ಅವರೂ ಒಬ್ಬರು. ಏಪ್ರಿಲ್ ರಜೆಯಲ್ಲಿ ಸ್ಲ್ಯಾಬು ಹಾಕಿಸಿದರು, ಯಾಕಂದರೆ ಮೇಷ್ಟ್ರಿಗೆ ರಜೆ ಸಿಗೋದೇ ಆವಾಗ. ನೀರು ಮನೆ ಹಿಂದಿನ ಬೋರಿಂದು. ಕುಡಿದರೆ ಬಾಯಿಗೆ ಉಪ್ಪುಪ್ಪು ಹತ್ತುವ ನೀರು. ಸ್ಲ್ಯಾಬು ಹಾಕಿದ ಮೂರೋ ನಾಲ್ಕೋ ದಿನ ನೀರು ಹೊಡೆದರು, ಆಮೇಲೆ ಬೋರಿಗೆ ಕರೆಂಟ್ ಇಲ್ಲ, ನಿಂತು ಹೋಯ್ತು. ಈ ನಾಲ್ಕು ವಾಕ್ಯ ಸ್ವಲ್ಪ ನೆನಪಿಟ್ಟುಕೊಳ್ಳಿ. ಏಪ್ರಿಲ್ ಬಿಸಿಲು, ಉಪ್ಪು ನೀರು, ಮೂರು ದಿನದ ಕ್ಯೂರಿಂಗು. ಮುಂದೆ ಬರುವುದೆಲ್ಲ ಇದರದೇ ಫಲ.

ಸುಮಾರು ವರ್ಷ ಆದ ಮೇಲೆ ನನ್ನ ತಂಗಿ ಮದುವೆ ಗೊತ್ತಾಯ್ತು. ಊರಿಗೆ ಹೋದೆ. ನಡುಮನೆಯ ಸ್ಲ್ಯಾಬಿನಲ್ಲಿ ಎರಡು ಉದ್ದ ಬಿರುಕು. ಕಂದು ಕಲೆ. ಬೀಗರು ಬರುತ್ತಾರೆ, ಏನಂದುಕೊಳ್ಳುತ್ತಾರೆ? ಪೇಂಟರ್‌ನ ಕರೆಸಿದೆ. ಪುಟ್ಟಿ ಮೆತ್ತಿಸಿದೆ. ಬಿಳಿ ಬಣ್ಣ ಹೊಡೆಸಿದೆ. ಫೋಟೋದಲ್ಲಿ ಮನೆ ಹಾಲಿನ ಹಾಗೆ ಬಂತು. ನಾನು ಬೆಂಗಳೂರಿಗೆ ವಾಪಸ್ ಬಂದೆ.

ಎರಡು ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ನಾನು ಇದೇ ಸ್ಟುಡಿಯೋದಲ್ಲಿ ಇದೇ ಕುರ್ಚಿಯಲ್ಲಿ ಕೂತು ಒಂದು ಸರ್ಕಾರಿ ಶಾಲೆಯ ಚಾವಣಿ ಕಳಚಿ ಬಿದ್ದ ಸುದ್ದಿ ಓದ್ತಾ ಇದ್ದೆ. ಓದುತ್ತಿರಲಿಲ್ಲ, ಕಿರುಚುತ್ತಿದ್ದೆ. ಯಾರು ಹೊಣೆ, ಯಾರಿಗೆ ಬಿಲ್ಲಾಯಿತು, ಮಕ್ಕಳ ಜೀವಕ್ಕೆ ಬೆಲೆ ಇಲ್ಲವಾ ಅಂತ. ಕಾರ್ಯಕ್ರಮ ಮುಗಿಸಿ ಫೋನ್ ನೋಡಿದರೆ ಮನೆಯಿಂದ ಹದಿಮೂರು ಮಿಸ್ಡ್ ಕಾಲ್. ನಡುಮನೆ ಸ್ಲ್ಯಾಬಿನ ಒಂದು ತುಂಡು ಅಪ್ಪನ ಮಂಚದ ಮೇಲೆ ಬಿದ್ದಿತ್ತು. ಅಪ್ಪ ಮಂಚದ ಮೇಲೇ ಇದ್ದರು. ತಲೆಗೆ ಬೀಳಬೇಕಾದದ್ದು ಕೈಗೆ ಬಿತ್ತು. ಬಲಗೈ ಮಣಿಕಟ್ಟು ಮುರಿಯಿತು.

ರಾತ್ರಿ ಹೊರಟು ಬೆಳಿಗ್ಗೆ ಊರು ಮುಟ್ಟಿದೆ. ಅಪ್ಪ ಕೈಗೆ ಬ್ಯಾಂಡೇಜು ಹಾಕಿಸಿಕೊಂಡು ಕಟ್ಟೆ ಮೇಲೆ ಕೂತಿದ್ದರು. ಬೈಯಲಿಲ್ಲ. "ನೀ ಟೀವ್ಯಾಗ ಕೇಳಿದ್ದು ಬರೋಬ್ಬರಿ ಐತಿ. ಆದ್ರ ಇಲ್ಲಿ ಬಣ್ಣ ಹೊಡಿಸ್ದಾವ ಯಾರು?" ಅಂದರು. ಅಷ್ಟೇ.

ಅವತ್ತಿನಿಂದ ಈ ವಿಷಯ ನನ್ನನ್ನ ಬಿಟ್ಟಿಲ್ಲ. ಒಬ್ಬ ಆ್ಯಂಕರ್ ಸ್ಲ್ಯಾಬಿನ ಬಗ್ಗೆ ಏನು ಮಾತಾಡ್ತಾನೆ ಅಂತ ನಗಬೇಡಿ. ಆರು ತಿಂಗಳು ಇಂಜಿನಿಯರುಗಳನ್ನ ಕೇಳಿದ್ದೇನೆ, ಗೌಂಡಿಗಳ ಜೊತೆ ಸಾರವೆ ಹತ್ತಿದ್ದೇನೆ, ಕಾಂಕ್ರೀಟಿನ ಐಎಸ್ 456 ಅನ್ನುವ ಭಾರತೀಯ ಮಾನಕ ಪುಸ್ತಕ ತಂದು ಓದಿದ್ದೇನೆ. ಗೊತ್ತಾದದ್ದನ್ನ ಹೇಳ್ತೀನಿ.

ಮೊದಲು ಒಂದು ಪ್ರಶ್ನೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಕಲ್ಲೇಶ್ವರ ಗುಡಿ ನೋಡಿದ್ದೀರಾ? ಸಾವಿರ ವರ್ಷದ ಗುಡಿ. ಇವತ್ತಿಗೂ ನಿಂತಿದೆ. ಹಡಗಲಿ ತಾಲ್ಲೂಕಿನ ಕುರುವತ್ತಿ ಮಲ್ಲಿಕಾರ್ಜುನ ಗುಡಿ ನಿಂತಿದೆ. ನಮ್ಮ ಕಾಂಕ್ರೀಟು ಮಾತ್ರ ಮೂವತ್ತು ವರ್ಷಕ್ಕೆ ಯಾಕೆ ಉದುರುತ್ತೆ? ಕಲ್ಲಿಗಿಂತ ಕಾಂಕ್ರೀಟು ಸೊರಗಿದ್ದಾ? ಹಾಗಲ್ಲ. ಕಲ್ಲುಗುಡಿಯ ಹೊಟ್ಟೆಯಲ್ಲಿ ಕಬ್ಬಿಣ ಇಲ್ಲ. ನಮ್ಮ ಸ್ಲ್ಯಾಬಿನ ಹೊಟ್ಟೆಯಲ್ಲಿ ಕಬ್ಬಿಣ ಇದೆ. ಆ ಕಬ್ಬಿಣ ಇರೋದರಿಂದಲೇ ಸ್ಲ್ಯಾಬು ಅಷ್ಟಗಲ ಕಂಬವಿಲ್ಲದೆ ನಿಲ್ಲುತ್ತೆ. ಅದೇ ಕಬ್ಬಿಣ ತುಕ್ಕು ಹಿಡಿದರೆ ಸ್ಲ್ಯಾಬನ್ನ ಒಳಗಿಂದ ಒಡೆಯುತ್ತೆ. ಕಬ್ಬಿಣ ತುಕ್ಕಾದಾಗ ಹಿಗ್ಗುತ್ತೆ. ಎರಡು ಪಟ್ಟು, ಕೆಲವು ಸಲ ಅದಕ್ಕಿಂತ ಎಷ್ಟೋ ಜಾಸ್ತಿ ಜಾಗ ಕೇಳುತ್ತೆ. ಒಳಗೆ ಜಾಗ ಇಲ್ಲ. ಹಾಗಾಗಿ ತನ್ನ ಕೆಳಗಿರುವ ಕಾಂಕ್ರೀಟನ್ನ ತಳ್ಳುತ್ತೆ. ಮೊದಲು ಬಿರುಕು, ಆಮೇಲೆ ಉಬ್ಬು, ಆಮೇಲೆ ಒಂದು ದಿನ ಕಳಚಿ ಬೀಳೋದು.

ಹಾಗಾದರೆ ಎಲ್ಲ ಸ್ಲ್ಯಾಬಲ್ಲೂ ತುಕ್ಕು ಯಾಕೆ ಹಿಡಿಯಲ್ಲ? ಸಿಮೆಂಟಿನಲ್ಲಿ ಸುಣ್ಣದ ಗುಣ ಇದೆ, ಕ್ಷಾರ. ಹೊಸ ಕಾಂಕ್ರೀಟಿನ ಒಳಗೆ ಪಿಎಚ್ 12ಕ್ಕಿಂತ ಜಾಸ್ತಿ ಇರುತ್ತೆ. ಆ ಕ್ಷಾರದೊಳಗೆ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟಿಕೊಳ್ಳುತ್ತೆ, ತುಕ್ಕು ಹತ್ತಿರ ಬರಲ್ಲ. ಈ ಪೊರೆ ಎರಡು ಕಾರಣಕ್ಕೆ ಹೋಗುತ್ತೆ. ಒಂದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಕಾಂಕ್ರೀಟಿನೊಳಗೆ ಇಳಿದು ಕ್ಷಾರ ತಿಂದುಹಾಕುತ್ತೆ. ಎರಡು, ಉಪ್ಪು, ಅಂದರೆ ಕ್ಲೋರೈಡು. ಅದು ಕ್ಷಾರ ಇದ್ದರೂ ಪೊರೆ ಹರಿದುಹಾಕುತ್ತೆ.

ಈಗ ನಮ್ಮ ಐದು ತಾಲ್ಲೂಕಿಗೆ ಬನ್ನಿ. ವಿಜಯನಗರ ಜಿಲ್ಲೆ 2021ರಲ್ಲಿ ಆಯ್ತು. ಆರು ತಾಲ್ಲೂಕು. ಹೊಸಪೇಟೆಗೆ ಅಣೆಕಟ್ಟು ಇದೆ, ಹಂಪಿ ಇದೆ, ಹಾಗಾಗಿ ಕ್ಯಾಮೆರಾನೂ ಇದೆ. ಉಳಿದವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ, ದಾವಣಗೆರೆಯಿಂದ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ ಅಂತ ಮನೆ ಬದಲಿಸಿದ ತಾಲ್ಲೂಕು. ಆಫೀಸಿನ ಬೋರ್ಡು ಬದಲಾಯಿತು, ಒಳಗಿನ ಸ್ಲ್ಯಾಬು ಅದೇ ಇದೆ. ಈ ಸೀಮೆಯಲ್ಲಿ ಬೋರ್‌ವೆಲ್ ನೀರು ಅಂದರೆ ಜನಕ್ಕೆ ಫ್ಲೋರೈಡಿನದೇ ಭಯ. ಹಲ್ಲು ಕಂದಾಯಿತು, ಮಂಡಿ ಹಿಡಿಯಿತು ಅಂತ. ಆ ಭಯ ನಿಜ. ಆದರೆ ಅದೇ ನೀರಿನ ಉಪ್ಪು ನಮ್ಮ ಮನೆಯ ಕಬ್ಬಿಣಕ್ಕೂ ಕುಡಿಸ್ತಾ ಇದ್ದೀವಿ ಅನ್ನೋದು ಯಾರ ತಲೆಗೂ ಬರಲ್ಲ.

ಐಎಸ್ 456 ಏನು ಹೇಳುತ್ತೆ ಗೊತ್ತಾ? ಕಬ್ಬಿಣ ಇರುವ ಕಾಂಕ್ರೀಟಿಗೆ ಕಲಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ಕುಡಿಯುವ ನೀರಿನ ಮಾನಕದಲ್ಲಿ 250 ಒಳ್ಳೆಯದು, ಬೇರೆ ಮೂಲವೇ ಇಲ್ಲ ಅಂದರೆ 1000ದ ತನಕ ಸಹಿಸಬಹುದು ಅಂತ ಇದೆ. ಅಂದರೆ ಏನಾಯ್ತು? ಬೇರೆ ಗತಿಯಿಲ್ಲದೆ ಮನುಷ್ಯ ಕುಡಿದುಕೊಂಡು ಬದುಕುವ ನೀರೂ ಸ್ಲ್ಯಾಬಿಗೆ ಆಗಿಬರಲ್ಲ. ಮನೆ ಕಟ್ಟೋ ಮುಂಚೆ ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ. ಗೃಹಪ್ರವೇಶದ ಊಟದಲ್ಲಿ ಒಂದು ಪಂಕ್ತಿಯ ಖರ್ಚೂ ಆಗಲ್ಲ.

ಇನ್ನೊಂದು, ಕವರು. ಕಬ್ಬಿಣದ ಕೆಳಗೆ ಎಷ್ಟು ದಪ್ಪ ಕಾಂಕ್ರೀಟು ಇದೆ ಅನ್ನೋದು. ಸಾಮಾನ್ಯ ಸ್ಲ್ಯಾಬಿಗೆ ಕಡೇಪಕ್ಷ 20 ಮಿಲಿಮೀಟರ್, ಕಂಬಕ್ಕೆ 40. ಇದಕ್ಕೆ ಕವರ್ ಬ್ಲಾಕ್ ಅಂತ ಸಣ್ಣ ಸಿಮೆಂಟ್ ಬಿಲ್ಲೆ ಇಡಬೇಕು. ನಮ್ಮಲ್ಲಿ ಏನು ಇಡ್ತಾರೆ? ಜಲ್ಲಿ ಕಲ್ಲು. ಕಾಂಕ್ರೀಟು ಹಾಕುವಾಗ ನಾಲ್ಕು ಜನ ಕಬ್ಬಿಣದ ಮೇಲೆ ತುಳಿದಾಡ್ತಾರೆ, ಕಲ್ಲು ಜಾರುತ್ತೆ, ಕಬ್ಬಿಣ ಹೋಗಿ ಸೆಂಟ್ರಿಂಗ್ ಹಲಗೆಗೆ ತಾಗಿ ಕೂರುತ್ತೆ. ಹಲಗೆ ಬಿಚ್ಚಿದಾಗ ಕಬ್ಬಿಣದ ಗೆರೆ ಕಾಣುತ್ತೆ. ಗೌಂಡಿ ಅದರ ಮೇಲೆ ಪ್ಲಾಸ್ಟರ್ ಎಳೆದುಬಿಡ್ತಾನೆ. ಕತೆ ಮುಗೀತು. ಗಾಳಿ ಕಾಂಕ್ರೀಟಿನೊಳಗೆ ಇಳಿಯುವ ಲೆಕ್ಕ ವಿಚಿತ್ರವಾಗಿದೆ. ಎರಡು ಪಟ್ಟು ಆಳಕ್ಕೆ ಇಳಿಯಲು ನಾಲ್ಕು ಪಟ್ಟು ವರ್ಷ ಬೇಕು. ಅಂದರೆ ಕವರು ಅರ್ಧ ಆದರೆ ಆಯುಷ್ಯ ಅರ್ಧ ಅಲ್ಲ, ಕಾಲು ಭಾಗ! ಕಬ್ಬಿಣಕ್ಕೆ ತುಕ್ಕು ಮುಟ್ಟಲು ನಲವತ್ತು ವರ್ಷ ಹಿಡಿಯಬೇಕಾದಲ್ಲಿ ಹತ್ತೇ ವರ್ಷ. ಆ ಮೂವತ್ತು ವರ್ಷವನ್ನ ಕಳೆದದ್ದು ಯಾರು? ಕೆಲವೇ ರೂಪಾಯಿಯ ಬಿಲ್ಲೆ ಉಳಿಸಿದವರು.

ಮೂರನೆಯದು ನೀರಿನ ಅಳತೆ. ಒಂದು ಮೂಟೆ ಸಿಮೆಂಟು 50 ಕಿಲೋ. ಅದಕ್ಕೆ 25ರಿಂದ 27 ಲೀಟರ್ ನೀರು, ಮರಳಿನ ತೇವವೂ ಸೇರಿ. ನಮ್ಮಲ್ಲಿ ಪೈಪು ಬಿಟ್ಟು ಅಂಬಲಿ ಮಾಡ್ತಾರೆ. ಯಾಕಪ್ಪಾ ಅಂದರೆ "ಗಟ್ಟಿ ಇದ್ರ ಸಲಿಕಿಗೆ ಬರಲ್ರೀ ಸಾರ್" ಅಂತಾರೆ. ಆ ಹೆಚ್ಚಿನ ನೀರು ಎಲ್ಲಿಗೆ ಹೋಗುತ್ತೆ? ಆವಿಯಾಗುತ್ತೆ. ಅದು ಇದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತೆ. ಅದೇ ತೂತಿನಿಂದ ಮುಂದೆ ಗಾಳಿ, ಮಳೆನೀರು, ಉಪ್ಪು ಎಲ್ಲ ಒಳಗೆ ಬರೋದು.

ನಾಲ್ಕನೆಯದು ಕ್ಯೂರಿಂಗು. ಬಿಸಿಲು ಸೀಮೆಯಲ್ಲಿ ಕನಿಷ್ಠ 10 ದಿನ ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಈಗ ಸಿಗುವ ಪಿಪಿಸಿಯಂಥ ಮಿಶ್ರ ಸಿಮೆಂಟಾದರೆ 14 ದಿನ ಮಾಡಿ ಅನ್ನುತ್ತೆ ಮಾನಕ. ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಪೈಪು ಹಿಡಿದು ತೋಯಿಸೋದು ಕ್ಯೂರಿಂಗ್ ಅಲ್ಲ. ಅದು ಒಗ್ಗರಣೆಗೆ ನೀರು ಚಿಮುಕಿಸಿದ ಹಾಗೆ. ಸ್ಲ್ಯಾಬಿಗೆ ಸುತ್ತ ಮಡಿ ಕಟ್ಟಿ ನೀರು ನಿಲ್ಲಿಸಿ. ಕಂಬಕ್ಕೆ ಗೋಣಿತಾಟು ಸುತ್ತಿ ಒದ್ದೆ ಇಡಿ. ನೀರಿನ ಬರ ಇದೆ ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಳಗಿನ ನೀರು ಆರಿ ಹೋಗದಂತೆ ಅಂಚು ಮುಚ್ಚಿ.

ಈಗ ನನಗೆ ಸಿಟ್ಟು ಬರುವ ಜಾಗಕ್ಕೆ ಬರ್ತೀನಿ. ಸರ್ಕಾರಿ ಕಾಂಕ್ರೀಟು ಯಾವಾಗ ಬೀಳುತ್ತೆ? ಮಾರ್ಚ್‌ನಲ್ಲಿ. ಯಾಕೆ? ಮಾರ್ಚ್ 31ರೊಳಗೆ ಬಿಲ್ಲಾಗಬೇಕು. ಅನುದಾನ ವಾಪಸ್ ಹೋಗಬಾರದು. ಈ ಐದು ತಾಲ್ಲೂಕಿನ ಯಾವ ಹಳ್ಳಿಗೆ ಬೇಕಾದರೂ ಮಾರ್ಚ್ ಎರಡನೇ ವಾರ ಹೋಗಿ. ಮಿಕ್ಸರ್ ಸದ್ದು ಕೇಳುತ್ತೆ. ಸಿ.ಸಿ. ರಸ್ತೆ, ಚರಂಡಿ, ಶಾಲೆ ಕೋಣೆ, ಎಲ್ಲಾ ಒಟ್ಟಿಗೆ. ಕಾಂಕ್ರೀಟಿಗೆ ವರ್ಷದಲ್ಲಿ ಅತಿ ಕೆಟ್ಟ ಕಾಲ ಯಾವುದು? ಅದೇ. ಬಿಸಿಲು, ಒಣ ಗಾಳಿ, ಊರಲ್ಲಿ ಕುಡಿಯೋಕೇ ನೀರಿಲ್ಲ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಲ್ಲಿ ರಸ್ತೆಗೆ ಹದಿನಾಲ್ಕು ದಿನ ಯಾರು ನೀರು ಹೊಡೀತಾರೆ ಸ್ವಾಮಿ? ಹೊಡೆಯಲ್ಲ. ಬಿಲ್ಲಿನಲ್ಲಿ ಮಾತ್ರ ಹೊಡೆದಿರುತ್ತೆ.

ಫಲ ಏನು? ಜೂನ್‌ಗೆ ರಸ್ತೆಯ ಮೇಲಿನ ಪದರ ಪುಡಿಪುಡಿ. ಬರಿಗಾಲಲ್ಲಿ ನಡೆದರೆ ಪಾದಕ್ಕೆ ಬಿಳಿ ಹಿಟ್ಟು ಅಂಟುತ್ತೆ. ಒಂದು ವರ್ಷಕ್ಕೆ ಜಲ್ಲಿ ಹಲ್ಲು ಕಿರಿಯುತ್ತೆ. ಹಿಮ ಬೀಳುವ ದೇಶಗಳಲ್ಲೂ ಕಾಂಕ್ರೀಟಿನ ಮೇಲ್ಪದರ ಹೀಗೆ ಸಿಪ್ಪೆ ಎದ್ದು ಹೋಗುತ್ತೆ. ಅಲ್ಲಿ ಒಳಗೆ ಸೇರಿದ ನೀರು ಹೆಪ್ಪುಗಟ್ಟಿ ಒಡೆಯುತ್ತೆ, ಹಿಮ ಕರಗಿಸಲು ಸುರಿಯುವ ಉಪ್ಪು ಇನ್ನಷ್ಟು ಕೆಡಿಸುತ್ತೆ. ನಮ್ಮಲ್ಲಿ ಹಿಮ ಇಲ್ಲ, ನಮಗೆ ನಾವೇ ಸಾಕು. ಕಾಂಕ್ರೀಟು ಹಾಕಿದ ಮೇಲೆ ನೀರು ಮೇಲಕ್ಕೆ ಬರುತ್ತೆ. ಆ ನೀರು ಆರುವ ತನಕ ಕಾಯಬೇಕು. ಗೌಂಡಿಗೆ ಪುರುಸೊತ್ತಿಲ್ಲ, ಅದರ ಮೇಲೆ ಒಣ ಸಿಮೆಂಟು ಉದುರಿಸಿ ಕರಣೆ ಎಳೆದು ನುಣ್ಣಗೆ ಮಾಡ್ತಾನೆ. ನೋಡಲು ಕನ್ನಡಿ. ಆದರೆ ಅದು ಕಾಂಕ್ರೀಟಿಗೆ ಅಂಟದ ಸಿಪ್ಪೆ, ಉದ್ಘಾಟನೆಗೆ ಬಂದವರ ಕಾರು ಊರು ದಾಟುವ ತನಕ ಇದ್ದರೆ ಹೆಚ್ಚು.

ನಮ್ಮ ಜನರದ್ದೂ ತಪ್ಪಿದೆ, ಹೇಳಿಬಿಡ್ತೀನಿ. ರಸ್ತೆ ಹಾಕಿ ವಾರ ಆಗಿರಲ್ಲ, ಟ್ರ್ಯಾಕ್ಟರ್ ಓಡಿಸ್ತೀವಿ. ಕಣ ಮಾಡೋಕೆ ಜಾಗ ಇಲ್ಲ ಅಂತ ರಾಗಿ, ಜೋಳ ಎಲ್ಲ ಅದರ ಮೇಲೇ ಒಕ್ಕುತ್ತೀವಿ. ಮದುವೆ ಚಪ್ಪರಕ್ಕೆ ಅಂತ ಹಾರೆಯಲ್ಲಿ ಗುಂಡಿ ತೋಡ್ತೀವಿ. ನಲ್ಲಿ ಕನೆಕ್ಷನ್‌ಗೆ ಅಂತ ಅಡ್ಡ ಕೊಯ್ದು ಮಣ್ಣು ಮುಚ್ಚಿ ಬಿಡ್ತೀವಿ. ಆಮೇಲೆ ರಸ್ತೆ ಕಳಪೆ ಅಂತ ನಮಗೇ ವಿಡಿಯೋ ಕಳಿಸ್ತೀವಿ.

ಈಗ ರಿಪೇರಿಗೆ ಬರೋಣ. ಕೊಟ್ಟೂರಿನ ಒಬ್ಬ ಹಿರಿಯ ಗೌಂಡಿಯನ್ನ ನಮ್ಮ ಮನೆಗೆ ಕರೆಸಿದೆ. ಎಪ್ಪತ್ತರ ಹತ್ತಿರದ ಮನುಷ್ಯ. ಬಂದವರು ಯಂತ್ರ ತರಲಿಲ್ಲ, ಸಣ್ಣ ಸುತ್ತಿಗೆ ತಂದರು. ಏಣಿ ಹಾಕಿ ಸ್ಲ್ಯಾಬನ್ನ ಗೇಣು ಗೇಣಿಗೆ ತಟ್ಟುತ್ತಾ ಹೋದರು, ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡಿದ ಹಾಗೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತೆ. ಒಳಗೆ ಬಿಟ್ಟುಕೊಂಡಿದ್ದರೆ ಡಬ್ ಅನ್ನುತ್ತೆ. ಡಬ್ ಅಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುಂಡು ಹಾಕಿದರು. ಇಳಿದು ನೋಡಿದರೆ, ಬಿದ್ದದ್ದು ಒಂದು ಕಡೆ, ಬೀಳೋಕೆ ಕಾದಿದ್ದದ್ದು ಏಳು ಕಡೆ. ಅದರಲ್ಲಿ ಎರಡು ನಾನು ಬಣ್ಣ ಹೊಡೆಸಿದ್ದ ಜಾಗದಲ್ಲೇ ಇದ್ದವು. ಒಂದಡಿ ಚೌಕದ, 20 ಮಿಲಿಮೀಟರ್ ದಪ್ಪದ ಚಕ್ಕೆ ಎಷ್ಟು ಭಾರ ಇರುತ್ತೆ ಗೊತ್ತಾ? ಸುಮಾರು ನಾಲ್ಕೂವರೆ ಕಿಲೋ. ಅದು ಹತ್ತಡಿ ಮೇಲಿಂದ ಬರುತ್ತೆ.

ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ಗೊತ್ತಲ್ಲ ನಿಮಗೆ? ಗೊರವಯ್ಯ ಬಿಲ್ಲೇರಿ ವರ್ಷಕ್ಕೊಂದು ಸಲ ಒಂದು ಮಾತು ನುಡಿಯುತ್ತಾನೆ. ಅದರ ಅರ್ಥ ಬಿಡಿಸಲು ನಾವು ಚಾನೆಲ್ಲಿನವರು ಒಂದು ದಿನ ಪೂರ್ತಿ ಚರ್ಚೆ ಮಾಡ್ತೀವಿ. ಸ್ಲ್ಯಾಬು ಅಷ್ಟು ಕಷ್ಟ ಕೊಡಲ್ಲ. ಕಂದು ಗೆರೆ ಎಳೆದು ತೋರಿಸುತ್ತೆ, ಉಬ್ಬಿ ತೋರಿಸುತ್ತೆ, ತಟ್ಟಿದರೆ ಬಾಯಿಬಿಟ್ಟು ಹೇಳುತ್ತೆ. ನಾವು ಪುಟ್ಟಿ ಮೆತ್ತಿ ಅದರ ಬಾಯಿ ಮುಚ್ಚಿಸ್ತೀವಿ.

ರಿಪೇರಿಯ ಕ್ರಮ ಹೇಳ್ತೀನಿ, ಬೇಕಾದರೆ ಬರೆದುಕೊಳ್ಳಿ. ಮೊದಲು ನೀರು ನಿಲ್ಲಿಸಿ. ಮೇಲೆ ನೀರು ನಿಲ್ಲುತ್ತಿದ್ದರೆ ಕೆಳಗೆ ಎಷ್ಟು ಮೆತ್ತಿದರೂ ವ್ಯರ್ಥ. ಮಾಳಿಗೆ ಮೇಲೆ ಇಳಿಜಾರು ಸರಿ ಮಾಡಿ, ಕಟ್ಟಿಕೊಂಡ ದೋಣಿ ಬಿಡಿಸಿ, ಟ್ಯಾಂಕಿನ ಸೋರಿಕೆ ನಿಲ್ಲಿಸಿ. ಎರಡನೆಯದಾಗಿ ಕೆಳಗೆ ಜಾಕಿ ಅಥವಾ ಬೊಂಬು ಕೊಟ್ಟು ಆಸರೆ ಮಾಡಿ. ಆಮೇಲೆ ಡಬ್ ಅಂದ ಜಾಗವನ್ನೆಲ್ಲ ಕೆತ್ತಿ ತೆಗೆಯಿರಿ, ಗಟ್ಟಿ ಕಾಂಕ್ರೀಟು ಸಿಗುವ ತನಕ. ಅಂಚನ್ನು ತೆಳ್ಳಗೆ ಸವರಿ ಬಿಡಬೇಡಿ, ನೇರವಾಗಿ ಕೊಯ್ದು ಚೌಕ ಮಾಡಿ. ತೆಳು ಅಂಚಿನಲ್ಲಿ ಹೊಸದು ನಿಲ್ಲಲ್ಲ. ಕಬ್ಬಿಣದ ಕೆಳಗಷ್ಟೇ ಅಲ್ಲ, ಹಿಂದೆಯೂ ಬೆರಳು ಹೋಗುವಷ್ಟು ಜಾಗ ಬಿಡಿಸಿ. ಸರಳಿನ ಬೆನ್ನಿಗೆ ಹಳೆಯ ಕೆಟ್ಟ ಕಾಂಕ್ರೀಟು ಉಳಿದರೆ ತುಕ್ಕು ಅಲ್ಲಿಂದಲೇ ಮತ್ತೆ ಶುರು.

ಕಬ್ಬಿಣವನ್ನ ತಂತಿ ಬ್ರಷ್ಷಿನಲ್ಲಿ ಹೊಳೆಯುವ ತನಕ ಉಜ್ಜಿ. ಸರಳು ಸವೆದು ತೆಳ್ಳಗಾಗಿದೆ ಅನ್ನಿಸಿದರೆ ಅಲ್ಲಿಗೆ ನಿಲ್ಲಿಸಿ, ಇಂಜಿನಿಯರನ್ನ ಕರೆಯಿರಿ. ಪಕ್ಕದಲ್ಲಿ ಹೊಸ ಸರಳು ಕಟ್ಟಬೇಕಾಗುತ್ತೆ. ಎಷ್ಟು ಉದ್ದ, ಹೇಗೆ ಅನ್ನೋದು ಅವರ ಕೆಲಸ. ಉಜ್ಜಿದ ಸರಳಿಗೆ ಸತುವಿನ ಪ್ರೈಮರ್ ಹಚ್ಚಿ. ಹಳೆ ಕಾಂಕ್ರೀಟಿಗೆ ಹೊಸದು ಹಿಡಿಯುವ ಬಾಂಡಿಂಗ್ ಕೋಟು ಹಚ್ಚಿ, ಅದು ಅಂಟಂಟಾಗಿ ಇರುವಾಗಲೇ ಪಾಲಿಮರ್ ಸೇರಿಸಿದ ಗಾರೆಯನ್ನ ಒತ್ತಿ ಒತ್ತಿ ತುಂಬಿ, ಒಂದೇ ಸಲ ದಪ್ಪಗಲ್ಲ, ಪದರ ಪದರವಾಗಿ. ಆಮೇಲೆ ಅದಕ್ಕೂ ಕ್ಯೂರಿಂಗು. ಬರೀ ಸಿಮೆಂಟು ಮರಳು ಕಲಸಿ ಮೆತ್ತಿದರೆ ಅದು ಕುಗ್ಗಿ ಬಿಟ್ಟುಕೊಂಡು ಮತ್ತೆ ಬೀಳುತ್ತೆ, ಈ ಸಲ ಇನ್ನೂ ದೊಡ್ಡದಾಗಿ.

ಗಾಳಿ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡೋಕೂ ಒಂದು ಸುಲಭ ದಾರಿ ಇದೆ. ಕಾಲೇಜು ಲ್ಯಾಬಿನಲ್ಲಿ ನೋಡಿದ್ದೀರಲ್ಲ, ಫಿನಾಲ್ಫ್ತಲೀನ್. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಚಿಮುಕಿಸಿದರೆ ಕ್ಷಾರ ಇದ್ದಲ್ಲಿ ಗುಲಾಬಿ ಬಣ್ಣ ಬರುತ್ತೆ, ಕ್ಷಾರ ಸತ್ತಲ್ಲಿ ಬಣ್ಣವೇ ಬರಲ್ಲ. ನಮ್ಮ ಮನೆ ಸ್ಲ್ಯಾಬಿನಲ್ಲಿ ಸರಳಿನ ತನಕ ಒಂದು ಹನಿ ಗುಲಾಬಿ ಬರಲಿಲ್ಲ. ಕವರು ಅಳೆದರೆ ಎಂಟೇ ಮಿಲಿಮೀಟರ್.

ಎಚ್ಚರಿಕೆ ಒಂದಿದೆ. ಇದೆಲ್ಲ ಸ್ಲ್ಯಾಬಿನ ಮೇಲ್ಪದರದ ಮಾತು. ಕಂಬದಲ್ಲಿ, ತೊಲೆಯಲ್ಲಿ ಬಿರುಕು ಬಂದಿದ್ದರೆ, ಸ್ಲ್ಯಾಬು ಬಾಗಿದ್ದರೆ, ಗೌಂಡಿ ಮಾತಿನ ಮೇಲೆ ಸುತ್ತಿಗೆ ಹಾಕಬೇಡಿ. ಮೊದಲು ಮನೆ ಖಾಲಿ ಮಾಡಿ.

ಸಿ.ಸಿ. ರಸ್ತೆ ಪುಡಿ ಏಳ್ತಾ ಇದ್ದರೆ ಅದರ ಮೇಲೆ ಸಿಮೆಂಟು ತಿಳಿ ಸುರಿಯೋದು ದಂಡ, ಒಂದು ಮಳೆಗೆ ಹೋಗುತ್ತೆ. ಪುಡಿ ಸ್ವಲ್ಪವೇ ಇದ್ದರೆ ಗುಡಿಸಿ ತೊಳೆದು ಸಿಲಿಕೇಟ್ ದ್ರಾವಣ ಕುಡಿಸಬಹುದು. ಅದು ಕಾಂಕ್ರೀಟಿನಲ್ಲಿ ಉಳಿದ ಸುಣ್ಣದ ಜೊತೆ ಸೇರಿ ಮೇಲ್ಮೈ ಗಟ್ಟಿ ಮಾಡುತ್ತೆ. ಪದರವೇ ಎದ್ದಿದ್ದರೆ ಗಟ್ಟಿ ಸಿಗುವ ತನಕ ಕೆರೆದು ಒರಟು ಮಾಡಿ ಹೊಸ ಪದರ ಹಾಕಬೇಕು. ಹೊಸ ರಸ್ತೆಯಾದರೆ ಸುಮಾರು ನಾಲ್ಕು ಮೀಟರಿಗೊಂದು ಅಡ್ಡ ಗೆರೆ ಕೊಯ್ಯಬೇಕು, ಹಾಕಿದ ಒಂದು ದಿನದೊಳಗೆ, ದಪ್ಪದ ಕಾಲಿನಿಂದ ಮೂರನೇ ಒಂದು ಭಾಗದಷ್ಟು ಆಳ. ಕಾಂಕ್ರೀಟು ಆರುವಾಗ ಕುಗ್ಗಿಯೇ ಕುಗ್ಗುತ್ತೆ. ನೀವು ಗೆರೆ ಹಾಕಿಕೊಟ್ಟರೆ ಆ ಗೆರೆಯಲ್ಲಿ ಒಡೆಯುತ್ತೆ. ಇಲ್ಲ ಅಂದರೆ ತನಗೆ ಬೇಕಾದಲ್ಲಿ ಒಡೆಯುತ್ತೆ.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ಉಳಿಯುವ ಪ್ರಶ್ನೆ ಒಂದು. ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತಲ್ಲ? ಮಣ್ಣಿನ ಮಾಳಿಗೆ ಇದ್ದಾಗ ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತುತ್ತಿದ್ದರು. ಸವಳು ಮಣ್ಣು ತಂದು ಹಾಕುತ್ತಿದ್ದರು, ತುಳಿಯುತ್ತಿದ್ದರು, ಇಲಿ ಬಿಲ ಮುಚ್ಚುತ್ತಿದ್ದರು. ಮನೆ ಅಂದರೆ ವರ್ಷಕ್ಕೊಂದು ಸಲ ನೋಡಿಕೊಳ್ಳಬೇಕಾದ ವಸ್ತು ಅಂತ ಗೊತ್ತಿತ್ತು. ಆರ್‌ಸಿಸಿ ಬಂದ ಮೇಲೆ ನಾವು ಮಾಳಿಗೆ ಹತ್ತೋದು ಬಟ್ಟೆ ಒಣ ಹಾಕೋಕೆ, ಡಿಶ್ ತಿರುಗಿಸೋಕೆ ಮಾತ್ರ. ಕಾಂಕ್ರೀಟ್ ಅಂದರೆ ಶಾಶ್ವತ ಅಂತ ಯಾರು ಹೇಳಿದರು ನಮಗೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ಕಲ್ಲಿನ ಕಟ್ಟೆಗೆ ಏನೂ ಆಗಲಿಲ್ಲ. ತುಂಡಾದದ್ದು ಒಂದು ಸರಪಳಿ. ಅವತ್ತು ನಾನೂ ಅಲ್ಲಿದ್ದೆ. ಇಡೀ ದೇಶದ ಕ್ಯಾಮೆರಾ ಅಲ್ಲಿತ್ತು. ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ವಾರದಲ್ಲಿ ನೀರು ನಿಲ್ಲಿಸಿದರು, ಆ ಕೆಲಸ ಮಾಡಿದವರಿಗೆ ಕೈ ಮುಗಿಯಬೇಕು. ಆದರೆ ಸರಪಳಿ ತುಂಡಾಗುವ ಮುಂಚೆ ನಮ್ಮಲ್ಲಿ ಒಬ್ಬನಾದರೂ ಆ ಗೇಟಿನ ಕಡೆ ಕ್ಯಾಮೆರಾ ತಿರುಗಿಸಿದ್ದೆವಾ? ಇಲ್ಲ. ಇದು ಸರ್ಕಾರಕ್ಕೆ ಮಾತ್ರ ಕೇಳುವ ಪ್ರಶ್ನೆ ಅಲ್ಲ, ನಮ್ಮ ಕಸುಬಿಗೂ ಕೇಳುವ ಪ್ರಶ್ನೆ. ಬಿದ್ದ ಸ್ಲ್ಯಾಬು ಸುದ್ದಿ. ಬೀಳದ ಹಾಗೆ ರಿಪೇರಿ ಮಾಡಿದ ಸ್ಲ್ಯಾಬು ಸುದ್ದಿ ಅಲ್ಲ. ನಮ್ಮ ಟಿಆರ್‌ಪಿಗೆ ಅದು ಹತ್ತಲ್ಲ.

ಹಾಗಾಗಿ ಈ ಐದು ತಾಲ್ಲೂಕಿನ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಪಿಡಿಒಗಳಿಗೆ, ಎಸ್‌ಡಿಎಂಸಿಯವರಿಗೆ, ಮುಖ್ಯ ಶಿಕ್ಷಕರಿಗೆ ನನ್ನ ವಿನಂತಿ. 371ಜೆ ಇದೆ, ಕಲ್ಯಾಣ ಕರ್ನಾಟಕ ಮಂಡಳಿಯ ದುಡ್ಡು ಇದೆ, ಹೊಸ ಕಟ್ಟಡ ಕೇಳ್ತೀರಿ, ಕೇಳಿ. ಅದರ ಜೊತೆಗೆ ಬೇಸಿಗೆ ರಜೆಯಲ್ಲಿ ಒಂದು ದಿನ ಶಾಲೆಯ ಪ್ರತಿ ಕೋಣೆಗೂ ಏಣಿ, ಸುತ್ತಿಗೆ, ಸೀಮೆಸುಣ್ಣ ತಗೊಂಡು ಹೋಗಿ. ಅಂಗನವಾಡಿಗೂ ಹೋಗಿ. ಓವರ್‌ಹೆಡ್ ಟ್ಯಾಂಕಿನ ತಳ ನೋಡಿ, ಅದರ ನೆರಳಲ್ಲೇ ನಮ್ಮ ಹುಡುಗರು ಗೋಲಿ ಆಡೋದು. ಡಬ್ ಅಂದ ಜಾಗಕ್ಕೆ ಗುಂಡು ಹಾಕಿ ತಾರೀಕು ಬರೆಯಿರಿ. ಆ ತಾರೀಕು ಗೋಡೆ ಮೇಲೆ ಇದ್ದರೆ "ನಮಗೆ ಗೊತ್ತಿರಲಿಲ್ಲ" ಅಂತ ಯಾರೂ ಹೇಳೋಕಾಗಲ್ಲ, ನೀವೂ ಸೇರಿ. ಗುಂಡು ಬಿದ್ದ ಕೋಣೆಯಲ್ಲಿ ರಿಪೇರಿ ಆಗುವ ತನಕ ಮಕ್ಕಳನ್ನ ಕೂರಿಸಬೇಡಿ. ಬೇವಿನ ಮರದ ಕೆಳಗೆ ಪಾಠ ಆದರೆ ಸಿಲೆಬಸ್ ಏನೂ ಕಮ್ಮಿ ಆಗಲ್ಲ.

ಹೊಸ ಕೆಲಸ ಶುರುವಾದರೆ ನಾಲ್ಕೇ ಪ್ರಶ್ನೆ ಕೇಳಿ. ನೀರು ಪರೀಕ್ಷೆ ಆಗಿದೆಯಾ? ಕವರ್ ಬ್ಲಾಕ್ ಎಲ್ಲಿ? ಪರೀಕ್ಷೆಗೆ ಕ್ಯೂಬು ತುಂಬಿದ್ದೀರಾ, 28 ದಿನದ ವರದಿ ಯಾವಾಗ ಕೊಡ್ತೀರಿ? ಹದಿನಾಲ್ಕು ದಿನ ನೀರು ಹೊಡೆಯೋರು ಯಾರು, ಅವರಿಗೆ ಕೂಲಿ ಯಾರು ಕೊಡ್ತಾರೆ? ಕಾಂಟ್ರ್ಯಾಕ್ಟಿನಲ್ಲಿ ದೋಷ ಬಾಧ್ಯತಾ ಅವಧಿ ಅಂತ ಇರುತ್ತೆ. ಆ ಅವಧಿಯೊಳಗೆ ಕೆಟ್ಟರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿ ಮಾಡಬೇಕು. ಅದು ಯಾವತ್ತು ಮುಗಿಯುತ್ತೆ ಅಂತ ಬರೆಸಿಕೊಳ್ಳಿ. ಅದು ಮುಗಿದ ಮಾರನೇ ದಿನ ಅರ್ಜಿ ಕೊಟ್ಟರೆ ಪ್ರಯೋಜನ ಇಲ್ಲ.

ನಮ್ಮ ಮನೆ ಕತೆ ಮುಗಿಸಿಬಿಡ್ತೀನಿ. ಏಳೂ ಕಡೆ ಕೆತ್ತಿ ಸರಿ ಮಾಡಿಸಿದೆವು. ಎರಡು ಕಡೆ ಹೊಸ ಸರಳು ಕಟ್ಟಿದರು. ಮದುವೆಯ ಬಣ್ಣಕ್ಕೆ ನಾನು ಕೊಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ ಖರ್ಚಾಯಿತು. ಬಣ್ಣಕ್ಕೆ ಮುಂಚೆಯೇ ಮಾಡಿಸಿದ್ದರೆ ಎರಡೇ ಕಡೆ ಕೆತ್ತಿದರೆ ಸಾಕಿತ್ತು, ಸರಳೂ ಉಳಿಯುತ್ತಿತ್ತು ಅಂದರು ಗೌಂಡಿ. ಕೆಲಸ ಆದ ಮೇಲೆ ನಾನೇ ನಿಂತು ಹದಿನಾಲ್ಕು ದಿನ ಒದ್ದೆ ತಾಟು ಕಟ್ಟಿಸಿದೆ. ಆಫೀಸಿಗೆ ರಜೆ ಹಾಕಿದ್ದೆ, ಕಾರಣ ಬರೆದದ್ದು "ಕ್ಯೂರಿಂಗ್" ಅಂತ. ನಮ್ಮ ಎಚ್‌ಆರ್‌ನವರು ನನಗೇ ಏನೋ ಕಾಯಿಲೆ ಅಂದುಕೊಂಡರು.

ಅಪ್ಪನ ಮಣಿಕಟ್ಟು ಕೂಡಿತು, ಆದರೆ ಪೂರ್ತಿ ತಿರುಗಲ್ಲ. ಮೂವತ್ತೈದು ವರ್ಷ ಕಪ್ಪುಹಲಗೆ ಮೇಲೆ ಮುತ್ತಿನಂತೆ ಬರೆದ ಕೈ. ಈಗ ಪಿಂಚಣಿ ಪುಸ್ತಕಕ್ಕೆ ಸಹಿ ಹಾಕಬೇಕಾದರೆ ಎಡಗೈಯಿಂದ ಬಲಗೈ ಹಿಡಿದುಕೊಳ್ಳಬೇಕು. ಸ್ಲ್ಯಾಬು ಹಾಗೇ ಸಿಮೆಂಟು ಬಣ್ಣದಲ್ಲಿದೆ, ತೇಪೆ ಎಲ್ಲಾ ಕಾಣುತ್ತೆ. ಬಣ್ಣ ಹೊಡೆಸೋಣವಾ ಅಂತ ತಮ್ಮ ಕೇಳಿದ. ಬೇಡ, ಕಾಣ್ಲಿ ಬಿಡು ಅಂದರು ಅಪ್ಪ.

ಮುಂಗಾರು ಬರೋಕೆ ಇನ್ನೂ ಸ್ವಲ್ಪ ದಿನ ಇದೆ. ನಾಳೆ ಭಾನುವಾರ. ಒಂದು ಸಲ ತಟ್ಟಿ ನೋಡಿ.